ಮಾತಿಗೆ ಐದು

ಅರ್ಜುಮಂದ್ ಸಿಂಧನೂರಿನ ಒಂದು ಮುದ್ರಣಾಲಯದಲ್ಲಿ ಮದುವೆ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ಮಾಡುತ್ತಿದ್ದಳು. ವಾರವಿಡೀ ಬೇರೆಯವರ ಮದುವೆ, ಬೇರೆಯವರ ಬಂಧು-ಬಳಗದ ಹೆಸರು. ಅವಳ ಮದುವೆ ಮುರಿದು ಕೆಲವು ವರ್ಷಗಳಾಗಿದ್ದವು. ತಾಯಿ ಹುಸೇನ್‌ಬೀಯ ಜೊತೆ ಎರಡು ಕೋಣೆಯ ಮನೆಯಲ್ಲಿ ಇದ್ದಳು. ಗಿರಾಕಿಗಳು ಹತ್ತು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವವಳು. ಆಕೆಗೆ ಸೊಕ್ಕು ಎಂದು ಕೆಲವರು, ಪಾಪ ಎಂದು ಕೆಲವರು ಅಂದುಕೊಳ್ಳುತ್ತಿದ್ದರು.

ಭಾನುವಾರ ಬಂದರೆ ಅವಳು ಬಟ್ಟೆಯ ಚೀಲ ಹೆಗಲಿಗೆ ಹಾಕಿ ಲಿಂಗಸೂಗೂರು ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿಯುತ್ತಿದ್ದಳು. ಅಲ್ಲಿ ಸೋದರಮಾವನ ಮಗ ಮಂಜೂರನ ಮನೆ. ಮಂಜೂರ್ ತನ್ನ ಮೊಬೈಲ್ ಅಂಗಡಿಗೆ ಹೋಗಿರುತ್ತಿದ್ದ. ಅವನ ಹೆಂಡತಿ ತಮನ್ನಾ ಪಡಸಾಲೆಯಲ್ಲಿ ಚಾಪೆ ಹಾಸಿ, ತೆವಳುವ ಮಗುವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಚಹಾಕ್ಕೆ ಇಡುತ್ತಿದ್ದಳು. ಚೀಲದಲ್ಲಿ ಇರುತ್ತಿದ್ದದ್ದು ಅರ್ಜುಮಂದ್ ತಾನೇ ಕಟ್ಟಿದ ಆಟ.

ಕಲಬುರಗಿಯಲ್ಲಿ ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಇಂಥ ಆಟ ಕಲಿಸಿದ್ದಳು. ಒಬ್ಬರು ಕಥೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರವಾಗಿ, ನಾನು ಇಂಥದ್ದು ಮಾಡುತ್ತೇನೆ ಎನ್ನಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಹಾಕಬೇಕು. ಓದು ಮುಗಿದು ಗೆಳತಿಯರು ಒಂದೊಂದು ದಿಕ್ಕಿಗೆ ಹೋದರು. ಗಂಡನ ಮನೆಯಿಂದ ತಿರುಗಿ ಬಂದ ಮೇಲೆ ಸಂಜೆಗಳು ಉದ್ದವಾದವು. ಆಗ ಅರ್ಜುಮಂದ್ ಕನ್ನಡದಲ್ಲಿ ತನ್ನದೇ ಒಂದು ಆಟ ಬರೆಯತೊಡಗಿದಳು. ಕಾಲುವೆಯ ತುತ್ತತುದಿಯಲ್ಲಿ ಒಂದು ಊರು. ಅಲ್ಲಿಗೆ ನೀರು ಬರುತ್ತಿಲ್ಲ. ಮೂರು ಜನ ಕಾಲುವೆಯ ದಂಡೆ ಹಿಡಿದು ಮೇಲಕ್ಕೆ ಹೊರಡುತ್ತಾರೆ, ಒಂದೊಂದು ಗೇಟಿನಲ್ಲೂ ಒಬ್ಬೊಬ್ಬರನ್ನು ಒಲಿಸುತ್ತ ಬೆದರಿಸುತ್ತ ನೀರು ತರಬೇಕು. ಉಳಿದ ಮದುವೆ ಕಾರ್ಡುಗಳ ಬೆನ್ನಿನ ಮೇಲೆ ಪಾತ್ರಗಳ ಚೀಟಿ ಮಾಡಿದಳು. ಪ್ರತಿ ಚೀಟಿಯಲ್ಲೂ ನಾಲ್ಕು ಗುಣ: ಬಲ, ಚುರುಕು, ಬುದ್ಧಿ, ಮಾತು. ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕಿ. ಲೂಡೋ ದಾಳ ಎರಡನ್ನು ಹಾಕಿ, ಬಿದ್ದದ್ದಕ್ಕೆ ಆ ಗುಣದ ಅಂಕಿ ಕೂಡಿಸಬೇಕು.

ಆಡಲು ಬರುತ್ತಿದ್ದವರು ಮೂವರು. ಒಬ್ಬಳು ತಮನ್ನಾ. ಇನ್ನೊಬ್ಬ ಮಂಜೂರನ ಗೆಳೆಯ ಯಂಕೋಬ, ಬಳಗಾನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು, ಮಾತಿನ ಮಲ್ಲ. ಮೂರನೆಯವಳು ರೂಪಾ, ಲಿಂಗಸೂಗೂರಿನ ಆಸ್ಪತ್ರೆಯಲ್ಲಿ ನರ್ಸ್. ತಮನ್ನಾಳ ಹೆರಿಗೆಯ ಹೊತ್ತಿಗೆ ಆದ ಪರಿಚಯ. ಆಕೆ ಅಲ್ಲಿ ಬಾಡಿಗೆಯ ಕೋಣೆಯಲ್ಲಿ ಒಬ್ಬಳೇ ಇದ್ದಳು.

ರೂಪಾ ಆರಿಸಿಕೊಂಡದ್ದು ಊರೂರು ತಿರುಗಿ ಕಥೆ ಹೇಳುವ ಹೆಂಗಸಿನ ಪಾತ್ರ. ಬಲ ಒಂದು, ಚುರುಕು ಎರಡು, ಬುದ್ಧಿ ಎರಡು, ಮಾತಿಗೆ ಮಾತ್ರ ಐದು. ಯಂಕೋಬನದು ಜಟ್ಟಿ. ಬಲ ಐದು, ಮಾತು ಒಂದು. ತಮನ್ನಾಳ ಪಾತ್ರಕ್ಕೆ ಬುದ್ಧಿ ಐದು.

ಮೊದಲ ಗೇಟಿನ ಹತ್ತಿರ ಬಂದಾಗ ಅರ್ಜುಮಂದ್ ಕಾವಲುಗಾರನಾದಳು. ಆಟದಲ್ಲಿ ಅವಳ ದನಿಯೇ ಬದಲಾಗುತ್ತಿತ್ತು. ಹುಬ್ಬು ಗಂಟಿಕ್ಕಿ, ಗಂಟಲು ದಪ್ಪ ಮಾಡಿ ಕೇಳಿದಳು.

"ಯಾರವಾ ನೀ? ಈ ಕಡೆ ಏನ್ ಕೆಲಸ?"

ರೂಪಾ ಬಾಯಿ ತೆರೆದಳು. ಮಾತು ಬರಲಿಲ್ಲ. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ನೀರು... ನಮ್ಮೂರಿಗೆ..." ಎಂದು ನಿಂತಳು.

ಯಂಕೋಬ ತಡೆಯಲಾರದೆ ಮುಂದೆ ಬಂದ. "ಸಾವ್ಕಾರ, ಸ್ವಲ್ಪ ಇಲ್ಲಿ ಕೇಳ್ರಿ. ನಿಮ್ಮ ಮಗಳನ್ನ ಕೊಟ್ಟ ಊರು ಯಾವ್ದು? ನಮ್ಮ ಊರ ಬಾಜೂಕ ಐತಲ್ಲ? ಅಲ್ಲಿ ನೆಲ್ಲು ಒಣಗಿದ್ರ ನಿಮ್ಮ ಅಳಿಯ ಯಾರ್ ಮುಂದ ಕೈ ಚಾಚ್ಬೇಕು?" ಹೀಗೆ ಅವನು ಒಂದೇ ಉಸಿರಿಗೆ ಮಾತಾಡಿದ. ತಮನ್ನಾ ಬಿದ್ದು ಬಿದ್ದು ನಕ್ಕಳು. ಅರ್ಜುಮಂದಳಿಗೂ ನಗು ಬಂತು. ಆ ನಗುವಿನಲ್ಲಿ ದಾಳ ಹಾಕಿಸುವುದನ್ನೇ ಮರೆತು, ಕಾವಲುಗಾರ ಗೇಟು ಎತ್ತಿದ ಎಂದುಬಿಟ್ಟಳು.

"ರೂಪಕ್ಕಾ," ಯಂಕೋಬ ರೂಪಾಳ ಚೀಟಿಯ ಮೇಲೆ ಬೆರಳಿಟ್ಟ, "ಮಾತಿಗಿ ಐದು ಬರ್ಕೊಂಡೀರಿ, ಬಾಯಿಗಿ ಹೊಲಿಗಿ ಹಾಕ್ಕೊಂಡೀರಿ. ಆ ಐದು ನನಗ ಕೊಟ್ಟುಬಿಡ್ರಿ, ಉಪಯೋಗಕ್ಕಾದ್ರೂ ಬರ್ತೈತಿ."

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ರೂಪಾ ಕೂಡ ಎಲ್ಲರೊಂದಿಗೆ ನಕ್ಕಳು. ಆದರೆ ಚೀಟಿಯನ್ನು ಎರಡು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟುಕೊಂಡು, ಡ್ಯೂಟಿ ಇದೆ ಎಂದು ಬೇಗ ಎದ್ದು ಹೋದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ತಮನ್ನಾ ಫೋನ್ ಮಾಡಿದರೆ ಡ್ಯೂಟಿ ಬದಲಾಗಿದೆ ಎಂದಳು.

"ಬರ್ತಾಳ ಬಿಡ್ರಿ ಆಪಾ," ಎಂದಳು ತಮನ್ನಾ. ಅರ್ಜುಮಂದಳಿಗೆ ಹಾಗೆ ಅನ್ನಿಸಲಿಲ್ಲ. ಬಾಯಿ ತೆರೆದು ಮಾತು ಬರದೆ ಹೋದವರು ಆ ಜಾಗಕ್ಕೆ ಮತ್ತೆ ಹೋಗುವುದು ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತಿತ್ತು.

ಅವಳ ಗಂಡ ಚೆನ್ನಾಗಿ ಮಾತಾಡುವವನು. ತಿಂಗಳುಗಟ್ಟಲೆ ಹೈದರಾಬಾದಿನಲ್ಲಿ ಇರುತ್ತಿದ್ದ, ಬಂದಾಗಲೂ ಅವಳ ಮುಖ ನೋಡುತ್ತಿರಲಿಲ್ಲ. ಕೊನೆಗೆ ಎರಡೂ ಮನೆಯ ಹಿರಿಯರು ಒಂದು ಮಧ್ಯಾಹ್ನ ಕೂಡಿ ಕೂತರು. ಅವನು ಎಲ್ಲರ ಆರೋಗ್ಯ ಕೇಳಿದ, ತನ್ನ ಕಷ್ಟ ಹೇಳಿಕೊಂಡ, ನಡುವೆ ಎರಡು ಸಲ ನಗಿಸಿದ. ಆಮೇಲೆ ಅರ್ಜುಮಂದಳ ಸರದಿ ಬಂತು. ಹೇಳಬೇಕಾದದ್ದೆಲ್ಲ ತಲೆಯಲ್ಲಿ ಸಾಲಾಗಿ ನಿಂತಿತ್ತು, ಒಂದೂ ಬಾಯಿಗೆ ಇಳಿಯಲಿಲ್ಲ. ಸ್ವಲ್ಪ ಹೊತ್ತು ಕಾದ ದೊಡ್ಡಪ್ಪ ಬಾಬುಸಾಬ್, "ಸುಮ್ಮನಿದ್ದಾಳ ಅಂದ್ರ ಒಪ್ಯಾಳ," ಎಂದು ಎದ್ದರು. ಅವಳು ಮತ್ತೆ ಆ ಮನೆಗೆ ಹೋದಳು. ಮುಂದೆ ಒಂದು ವರ್ಷದ ಮೇಲೆ ಬಿಟ್ಟು ಬಂದಾಗ, ಅವತ್ತು ಒಪ್ಪಿ ಈಗ ಹೀಗೆ ಮಾಡಿದಳಲ್ಲ ಎಂದು ಜನ ಆಡಿಕೊಂಡರು.

ರೂಪಾ ಬರದ ಆ ವಾರ ಅವಳು ಸಂಜೆ ಕೆಲಸದಿಂದ ಬಂದವಳೇ ಆಟವನ್ನು ಹರವಿಕೊಂಡು ಕೂತಳು. ನಿಯಮ ಬದಲಿಸಬೇಕಿತ್ತು. ಆದರೆ ಹೊಸ ನಿಯಮ ನಡೆಯುತ್ತದೋ ಇಲ್ಲವೋ ನೋಡಲು ಜನ ಬೇಕಲ್ಲ? ಚಾಪೆಯ ಮೇಲೆ ಮೂರು ಚೀಟಿ ಮೂರು ಕಡೆ ಇಟ್ಟು, ತಾನೇ ಒಮ್ಮೆ ಜಟ್ಟಿಯ ಜಾಗಕ್ಕೆ, ಒಮ್ಮೆ ಕಥೆ ಹೇಳುವವಳ ಜಾಗಕ್ಕೆ ಸರಿದು ಕೂತು ಆಡಿದಳು. ತಾನೇ ಕೇಳಿ, ತಾನೇ ಉತ್ತರ ಕೊಟ್ಟು, ತಾನೇ ದಾಳ ಹಾಕಿದಳು.

ಒಳಗಿನಿಂದ ಹುಸೇನ್‌ಬೀ ಬಂದು ಬಾಗಿಲಲ್ಲಿ ನಿಂತಳು. "ಕಿಸ್ಸೇ ಬಾತಾಂ ಕರ್‌ರೈ ಬೇಟಿ?" ಯಾರ ಜೊತೆ ಮಾತು ಎಂದು ಕೇಳಿ ಕೋಣೆಯೆಲ್ಲ ಕಣ್ಣಾಡಿಸಿದಳು.

"ಯಾರ ಜೊತೀಗೂ ಇಲ್ಲಮ್ಮಿ. ಕೆಲಸ."

ತಾಯಿ ಖಾಲಿ ಚಾಪೆಯನ್ನೂ ಮಗಳನ್ನೂ ನೋಡಿದಳು. ಒಂದು ಲೋಟ ಚಹಾ ತಂದು ಪಕ್ಕಕ್ಕಿಟ್ಟು ಹೋದಳು.

ಮುಂದಿನ ಭಾನುವಾರ ಅರ್ಜುಮಂದ್ ಮಸ್ಕಿಯಲ್ಲಿ ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ಲಿಂಗಸೂಗೂರಿನವರೆಗೆ ಹೋದಳು. ಆಸ್ಪತ್ರೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕಾದಳು. ಡ್ಯೂಟಿ ಮುಗಿಸಿ ಹೊರಬಂದ ರೂಪಾ ಅವಳನ್ನು ಕಂಡು ಹೆದರಿದಳು.

"ಅಕ್ಕಾ! ತಮನ್ನಾಗ ಏನರ ಆತೇನು?"

"ಏನೂ ಆಗಿಲ್ಲ. ನಿನ್ನ ನೋಡಾಕ ಬಂದೀನಿ."

ತನ್ನನ್ನು ನೋಡಲು ಯಾರೋ ಬಸ್ಸು ಹತ್ತಿ ಬಂದಿದ್ದಾರೆ ಎಂಬುದನ್ನು ನಂಬಲು ರೂಪಾಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಬ್ಬರೂ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಹೇಳಿ ಕೂತರು.

"ದಿನಾ ನೂರ್ ಮಂದಿ ಕೂಡ ಮಾತಾಡ್ತೀನಿ ಅಕ್ಕಾ," ರೂಪಾ ತಟ್ಟೆಯಲ್ಲಿ ಬೆರಳಾಡಿಸುತ್ತ ಹೇಳಿದಳು. "ಉಸಿರು ತಗೋರಿ, ಮಗ್ಗಲಾಗ್ರಿ, ಗುಳಿಗಿ ನುಂಗ್ರಿ. ಅವು ನನ್ನ ಮಾತಲ್ಲ. ಡ್ಯೂಟಿ ಮುಗಿಸಿ ರೂಮಿಗಿ ಹೋದ್ರ ಮರುದಿನ ಮುಂಜಾನಿ ತನಕ ಒಂದ್ ಮಾತೂ ಆಡಂಗಿಲ್ಲ. ಆ ಚೀಟಿ ಮ್ಯಾಲ ಐದು ಬರ್ದಾಗ ಖುಷಿ ಆತು ನೋಡ್ರಿ. ಇಲ್ಲಾದ್ರೂ ಬ್ಯಾರೆ ಯಾರರ ಆಗೋಣ ಅಂದ್ಕೊಂಡೆ. ಅಲ್ಲೂ ನಾನ ಆಗಿಬಿಟ್ಟೆ."

"ತಪ್ಪು ನಿಂದಲ್ಲ. ಆಟದ್ದು." ಅರ್ಜುಮಂದ್ ಒಂದು ಮಿರ್ಚಿ ಅವಳ ತಟ್ಟೆಗೆ ಹಾಕಿದಳು. "ನಿಯಮ ಬದಲ್ ಮಾಡೀನಿ. ಇನ್ನ ಮ್ಯಾಲ ನೀ ಚಂದಾಗಿ ಮಾತಾಡ್ಬೇಕಂತ ಇಲ್ಲ. ನಿನಗ ಏನ್ ಬೇಕು, ಎದುರಿನವನ ಮನಸಿನ ಯಾವ ಜಾಗ ಮುಟ್ಟಬೇಕು, ಅಷ್ಟು ಹೇಳು. ಉಳಿದದ್ದು ನಿನ್ನ ಐದೂ ದಾಳಾನೂ ಕೂಡಿ ಮಾತಾಡ್ತಾವ."

ರೂಪಾ ಆ ಮಿರ್ಚಿಯನ್ನು ಪೂರ್ತಿ ತಿಂದಳು. ಮುಂದಿನ ಭಾನುವಾರ ಮಸ್ಕಿಯ ಮನೆಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು.

ಹೊಸ ನಿಯಮ ಕೇಳಿ ಯಂಕೋಬ ತಕರಾರು ತೆಗೆದ. "ಇದೇನ್ರಿ ಅಕ್ಕಾರ, ಬಾಯಿ ಇದ್ದವ ಬಾಯಿ ಮುಚ್ಕೊಂಡು ಕುಂದರ್ಬೇಕೇನು? ಮಾತಾಡಾಕ ಬರದಿದ್ರ ಮಾತಿನ ಪಾತ್ರ ಯಾಕ ತಗೋಬೇಕು?"

ಮಗುವಿನ ಬಾಯಿಂದ ದಾಳ ಕಿತ್ತುಕೊಳ್ಳುತ್ತಿದ್ದ ತಮನ್ನಾ ತಿರುಗಿದಳು. "ಹಂಗಾರ ನಿಮ್ಮ ಜಟ್ಟಿ ಬಂಡಿ ಎತ್ತಿದ ದಿನ, ನೀವು ನಮ್ಮನಿ ರುಬ್ಬುಗುಂಡು ಎತ್ತಿ ತೋರಸ್ರಿ ಅಂತ ಯಾರರ ಕೇಳಿದ್ರೇನು ಯಂಕೋಬಣ್ಣ? ನನ್ನ ಪಾತ್ರಕ್ಕ ಬುದ್ಧಿ ಐದೈತಿ, ಒಗಟಾ ನನಗ ಬಿಡಸಾಕ ಬರಂಗಿಲ್ಲ, ಆಪಾ ಸುಳಿವು ಕೊಡ್ತಾರ. ಅದಕ್ಕ ನೀವೇನೂ ಅನ್ನಲಿಲ್ಲ."

ಯಂಕೋಬ ಮೂಲೆಯಲ್ಲಿದ್ದ ರುಬ್ಬುಗುಂಡಿನ ಕಡೆ ನೋಡಿ ತಲೆ ಕೆರೆದುಕೊಂಡ. "ಆತು ಬಿಡವ್ವ, ಸೋತೆ."

ಎರಡನೆಯ ಗೇಟು ಕಾಯುತ್ತಿದ್ದದ್ದು ಒಬ್ಬ ಮುದುಕಿ. ರೂಪಾ ಮೆಲ್ಲಗೆ, "ಆಕಿಗೆ ಆಕಿ ಸಣ್ಣಾಕಿ ಇದ್ದಾಗಿನ ಬಾವಿ ನೆನಪು ಮಾಡಿಕೊಡ್ತೀನಿ," ಎಂದು ದಾಳ ಹಾಕಿದಳು. ಒಳ್ಳೆಯ ಅಂಕಿ ಬಿತ್ತು. ಅರ್ಜುಮಂದ್ ಮುದುಕಿಯಾಗಿ, ಬತ್ತಿದ ಬಾವಿ, ಬಾವಿಯ ಕಟ್ಟೆಯ ಮೇಲೆ ಸವೆದ ಹಗ್ಗದ ಗುರುತು, ಅಲ್ಲಿ ಜಗಳವಾಡಿದ ಗೆಳತಿಯರು ಎಲ್ಲವನ್ನೂ ನೆನಪಿಸಿಕೊಂಡು ಮಾತಾಡಿದಳು. ಮಾತಾಡುತ್ತ ಮುದುಕಿಯ ಕಣ್ಣು ತುಂಬಿತು, ಗೇಟು ಮೇಲೆದ್ದಿತು. ರೂಪಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವತ್ತು ಬಸ್ಸಿಗೆ ಹೋಗುವಾಗ ಅವಳೇ ಮುಂದೆ ನಡೆದಳು.

ಭತ್ತ ತೆನೆ ಬಿಡುವ ಹೊತ್ತಿಗೆ ಆಟ ಕೊನೆಯ ಗೇಟಿನ ಹತ್ತಿರ ಬಂದಿತ್ತು. ಅದರ ಕೀಲಿ ಇದ್ದದ್ದು ಜಟ್ಟಿಯ ಸ್ವಂತ ತಮ್ಮನ ಹತ್ತಿರ. ಹಿಂದೊಮ್ಮೆ ನೀರು ತಿರುಗಿಸಿಕೊಂಡು ಅಣ್ಣನ ಹೊಲ ಒಣಗಿಸಿದವನು. ಜಟ್ಟಿ ಅವನ ಮುಖ ನೋಡುವುದಿಲ್ಲ ಎಂದು ಯಂಕೋಬ ಮೊದಲ ದಿನವೇ ಹೇಳಿದ್ದ.

"ನಾ ಜಟ್ಟಿ ಕೂಡ ಮಾತಾಡ್ತೀನಿ," ಎಂದಳು ರೂಪಾ. ಈಗ ಅವಳು ಯಾರೂ ಹೇಳದೆಯೇ ದಾಳ ಎತ್ತಿಕೊಳ್ಳುತ್ತಿದ್ದಳು. "ತಮ್ಮನ ಕೈ ಹಿಡೀಬೇಕು ಅಂತೀನಿ. ಊರಿಗೋಸ್ಕರ."

ಐದು, ಆರು. ಮೇಲೆ ಅವಳ ಐದು. ಆಟ ಶುರುವಾದಾಗಿನಿಂದ ಅಷ್ಟು ದೊಡ್ಡ ಅಂಕಿ ಬಿದ್ದಿರಲಿಲ್ಲ.

"ಮುಗೀತು," ಅರ್ಜುಮಂದ್ ಸಂತೋಷದಿಂದ ಹೇಳಿದಳು. "ಜಟ್ಟಿ ಒಪ್ಪಿದ. ಹೋಗಿ ತಮ್ಮನ ಕೈ ಹಿಡಿದ."

ಯಂಕೋಬ ನಗಲಿಲ್ಲ. ಚೀಟಿಯನ್ನು ನೋಡುತ್ತ ಕೂತ. ಅವನು ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದನ್ನು ಅವರಾರೂ ನೋಡಿರಲಿಲ್ಲ.

"ಯಂಕೋಬಣ್ಣ, ಮುಂದ?" ಎಂದಳು ಅರ್ಜುಮಂದ್.

"ನಾ ಒಪ್ಪಿಲ್ರಿ."

"ದಾಳ ಬಿದ್ದೈತಿ ಅಲ್ಲ."

"ದಾಳ ಬಿದ್ದಿರ್ಬೇಕು. ಗೇಟು ಕಾಯವ್ರ ಮನಸು ನೀವು ಬರ್ದದ್ದು, ನೀವು ಬದಲ್ ಮಾಡ್ರಿ. ಇದು ನನ್ನ ಪಾತ್ರ. ಒಳಗ ಏನೈತಿ ನನಗ ಗೊತ್ತು." ಅವನ ದನಿ ಸಣ್ಣದಾಯಿತು. "ಸುಮ್ಮನ ಕುಂತೀನಿ ಅಂದ್ರ ಒಪ್ಪಿದಂಗೇನ್ರಿ ಅಕ್ಕಾರ?"

ಅರ್ಜುಮಂದ್ ಕೈಯಲ್ಲಿದ್ದ ಹಾಳೆಯನ್ನು ಚಾಪೆಯ ಮೇಲೆ ಇಟ್ಟಳು. ಎದ್ದು ಅಡುಗೆಮನೆಗೆ ಹೋಗಿ ಕೊಡದ ಹತ್ತಿರ ನಿಂತಳು. ಹಿಂದೆಯೇ ತಮನ್ನಾ ಬಂದಳು.

"ಆಪಾ, ಅವ್ರ ಮ್ಯಾಲ ಬೇಜಾರ್ ಮಾಡ್ಕೋಬ್ಯಾಡ್ರಿ. ಮುಕ್ಕುಂದದಾಗ ಅವರ ತಮ್ಮ ಅದಾನ. ಹೊಲ ಪಾಲಾದಾಗಿಂದ ಮಾತಿಲ್ಲ. ಎಲ್ಲಾರೂ ರಾಜಿ ಮಾಡ್ಕೊ ರಾಜಿ ಮಾಡ್ಕೊ ಅಂತಾರ."

"ಅವ್ರ ಮ್ಯಾಲ ಬೇಜಾರಿಲ್ಲ ತಮನ್ನಾ," ಎಂದಳು ಅರ್ಜುಮಂದ್. ಇಷ್ಟು ದಿನ ಅವಳು ಮಾತು ಬಾರದವರ ಪರವಾಗಿ ಆಟ ಕಟ್ಟುತ್ತಿದ್ದೇನೆ ಎಂದುಕೊಂಡಿದ್ದಳು. ಕೊನೆಗೆ ಕಟ್ಟಿದ್ದು ದೊಡ್ಡಪ್ಪ ಬಾಬುಸಾಬರ ನಿಯಮವನ್ನೇ. ಮುಖಕ್ಕೆ ನೀರು ಹಾಕಿಕೊಂಡು ಪಡಸಾಲೆಗೆ ಬಂದಳು.

"ಯಂಕೋಬಣ್ಣ, ನೀವ್ ಹೇಳಿದ್ದು ಖರೆ. ನಾ ಬರ್ದದ್ದು ತಪ್ಪೈತಿ." ಪೆನ್ನು ತೆಗೆದು ನಿಯಮದ ಹಾಳೆಯಲ್ಲಿ, ದಾಳ ಗೆದ್ದರೆ ಒಪ್ಪಿದಂತೆ ಎಂಬ ಸಾಲನ್ನು ಹೊಡೆದು ಹಾಕಿದಳು. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದಳು: "ಆಡವ್ರ ಪಾತ್ರದ ಮ್ಯಾಲ ದಾಳ ಗೆದ್ರ, ಆ ಪಾತ್ರ ಪೂರಾ ಕೇಳ್ಬೇಕು. ನಡುವ ಎದ್ದು ಹೋಗಂಗಿಲ್ಲ, ನಡುವ ಬಾಯಿ ಹಾಕಂಗಿಲ್ಲ. ಒಪ್ಪೂದು ಬಿಡೂದು ಅವರಿಗೆ ಬಿಟ್ಟದ್ದು."

"ಅಂದ್ರ ಗೆದ್ದವ್ರಿಗೆ ಸಿಕ್ಕದ್ದೇನು?" ಎಂದಳು ತಮನ್ನಾ.

"ಒಬ್ರು ಪೂರಾ ಕೇಳಿದ್ದು."

ಯಂಕೋಬ ಗೋಡೆಗೆ ಒರಗಿ ಕಾಲು ಮಡಚಿ ಕೂತ. "ಹೇಳ್ರಿ ರೂಪಕ್ಕಾ. ಕೇಳ್ತೀನಿ."

ಎಲ್ಲರೂ ರೂಪಾಳ ಕಡೆ ತಿರುಗಿದರು. ಇವತ್ತು ಅವಳ ಬದಲು ಮಾತಾಡಲು ದಾಳ ಇರಲಿಲ್ಲ. ಅವಳು ಸೆರಗಿನ ತುದಿ ಹಿಡಿದುಕೊಂಡು, ನಿಂತು ನಿಂತು, ಒಂದೊಂದೇ ಮಾತು ಹೇಳಿದಳು. ಊರಿನಲ್ಲಿ ಕುಡಿಯಲು ನೀರಿಲ್ಲದ ಕೂಸುಗಳಿವೆ ಅಂದಳು. ತಮ್ಮ ಮಾಡಿದ್ದು ಸಣ್ಣದಲ್ಲ, ಅದನ್ನು ಸಣ್ಣದು ಎಂದು ತಾನು ಹೇಳುವುದಿಲ್ಲ ಅಂದಳು. ನಡುವೆ ಒಮ್ಮೆ ಪೂರ್ತಿ ನಿಂತುಹೋದಳು. ಯಂಕೋಬ ಬಾಯಿ ಹಾಕಲಿಲ್ಲ, ಕಾದ. ಅವಳು ಮತ್ತೆ ಶುರು ಮಾಡಿ ಮುಗಿಸಿದಳು.

"ಕೇಳಿದೆ," ಎಂದ ಯಂಕೋಬ. ಕಣ್ಣುಜ್ಜಿಕೊಂಡ. "ಜಟ್ಟಿ ತಮ್ಮನ ಕೈ ಹಿಡಿಯಂಗಿಲ್ಲ. ಆದ್ರ ಕೀಲಿ ಕೇಳಾಕ ನೀವು ಹೋಗ್ರಿ. ಅವ ಅಡ್ಡ ಬರಂಗಿಲ್ಲ, ದೂರ ನಿಂತಿರ್ತಾನ."

ಆ ಸಂಜೆ ಬಸ್ ನಿಲ್ದಾಣದಲ್ಲಿ ರೂಪಾ ಲಿಂಗಸೂಗೂರಿನ ಬಸ್ಸಿಗೆ, ಅರ್ಜುಮಂದ್ ಸಿಂಧನೂರಿನ ಬಸ್ಸಿಗೆ ಕಾಯುತ್ತ ನಿಂತರು. ಅಡುಗೆಮನೆಗೆ ಯಾಕೆ ಹೋದಿರಿ ಎಂದು ರೂಪಾ ಕೇಳಿದಾಗ, ಅರ್ಜುಮಂದ್ ಹಿರಿಯರು ಕೂತ ಆ ಮಧ್ಯಾಹ್ನದ ಸಂಗತಿ ಹೇಳಿದಳು. ಯಾರಿಗೂ ಹೇಳಿರದ ಸಂಗತಿ. ಹೇಳುವಷ್ಟರಲ್ಲಿ ಒಂದು ಬಸ್ಸು ಬಂದು ಹೋಯಿತು, ಇಬ್ಬರೂ ಹತ್ತಲಿಲ್ಲ.

"ಅವತ್ತು ಯಾರರ ಪೂರಾ ಕೇಳಿದ್ರ ಏನ್ ಹೇಳ್ತಿದ್ರಿ ಅಕ್ಕಾ?"

"ಹೆಚ್ಚಿಗಿ ಏನಿಲ್ಲ." ಅರ್ಜುಮಂದ್ ರಸ್ತೆ ನೋಡುತ್ತ ಹೇಳಿದಳು. "ಆ ಮನ್ಯಾಗ ನಾ ಊಟಕ್ಕ ಬಂದು ಕುಂತ್ರ ಎಲ್ಲಾರೂ ಮಾತು ನಿಲ್ಲಸ್ತಿದ್ರು. ಗಂಗಾಳದ ಸಪ್ಪಳ ಅಷ್ಟ. ಅದನ್ನ ಹೇಳ್ತಿದ್ದೆ."

ರೂಪಾ ಅವಳ ಕೈ ಹಿಡಿದುಕೊಂಡು ಬಸ್ಸು ಬರುವವರೆಗೆ ನಿಂತಳು.

ಆ ಆಟ ಮುಗಿಯಲಿಲ್ಲ. ಸುಗ್ಗಿ ಬಂದು ಯಂಕೋಬನಿಗೆ ಅಂಗಡಿಯ ಬಾಕಿ ವಸೂಲಿಯ ಓಡಾಟ ಹೆಚ್ಚಾಯಿತು. ತಮನ್ನಾ ಎರಡನೆಯ ಸಲ ಬಸಿರಾಗಿ ಸುಸ್ತು ತಡೆಯದೆ ತವರಿಗೆ ಹೋದಳು. ಅಷ್ಟರಲ್ಲಿ ರೂಪಾಳಿಗೆ ಯಾದಗಿರಿ ಕಡೆಯ ಒಂದು ಊರಿಗೆ ವರ್ಗವಾಯಿತು. ಅರ್ಜುಮಂದ್ ರಜೆ ಹಾಕಿ ಲಿಂಗಸೂಗೂರಿಗೆ ಹೋಗಿ ಅವಳ ಸಾಮಾನು ಕಟ್ಟಿಸಿಕೊಟ್ಟಳು. ಒಂದು ಟ್ರಂಕು, ಒಂದು ಗ್ಯಾಸಿನ ಒಲೆ, ಎರಡು ಕೊಡ. ಮುದ್ರಣಾಲಯದಲ್ಲಿ ಹೊಸದಾಗಿ ಅಚ್ಚು ಹಾಕಿಸಿದ ಚೀಟಿಗಳ ಒಂದು ಕಟ್ಟು, ನಿಯಮದ ಹಾಳೆ, ಎರಡು ದಾಳ ಅವಳ ಕೈಗಿಟ್ಟಳು.

"ಅಲ್ಲಿ ಯಾರ ಜೊತಿಗಿ ಆಡ್ಲಿ?" ಎಂದಳು ರೂಪಾ.

"ಯಾರರ ಸಿಗ್ತಾರ," ಎಂದಳು ಅರ್ಜುಮಂದ್. ತನಗೇ ಅದರಲ್ಲಿ ಅಷ್ಟು ನಂಬಿಕೆ ಇರಲಿಲ್ಲ.

ಭಾನುವಾರಗಳು ಮತ್ತೆ ಖಾಲಿಯಾದವು. ಅವಳು ಬಟ್ಟೆ ಒಗೆದಳು, ತಾಯಿಯ ಕಾಲಿಗೆ ಎಣ್ಣೆ ತಿಕ್ಕಿದಳು, ಮದುವೆಯ ಕಾಲವಾದ್ದರಿಂದ ಕೆಲವು ಭಾನುವಾರ ಕೆಲಸಕ್ಕೂ ಹೋದಳು. ಅಂಥ ಒಂದು ಸಂಜೆ ಮಾಲೀಕರು ನಮಾಜಿಗೆ ಹೋಗಿದ್ದರು, ಯಂತ್ರ ನಿಂತಿತ್ತು. ಆಗ ರೂಪಾಳ ಫೋನ್ ಬಂತು.

"ಅಕ್ಕಾ, ಆಡಾಕತ್ತೀವಿ! ಇಬ್ರು ಸಿಸ್ಟರು, ಒಬ್ರು ಔಷಧಿ ಅಂಗಡಿಯವ್ರು. ನಾನ ಕಥಿ ನಡಸಾಕತ್ತೀನಿ. ಸ್ಪೀಕರ್ ಹಾಕ್ತೀನಿ, ಕೇಳ್ರಿ."

ಅರ್ಜುಮಂದ್ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಯಾರೋ ನಕ್ಕರು. ಚಾಪೆಯ ಮೇಲೆ ದಾಳ ಉರುಳಿದ ಸದ್ದು. ಆಮೇಲೆ ಗಡಸು ಮುದುಕನೊಬ್ಬನ ದನಿ ಕೇಳಿತು: ಹರಿಗೋಲು ನಂದು, ಹೊಳಿ ನಂದು, ದಾಟಸೂದು ಬಿಡೂದು ನನ್ನ ಖುಷಿ. ಅದು ರೂಪಾ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು. ತಾನು ಬರೆದ ಆಟದಲ್ಲಿ ಹೊಳೆ ಇರಲಿಲ್ಲ, ಹರಿಗೋಲೂ ಇರಲಿಲ್ಲ. ರೂಪಾ ತಾನೇ ಸೇರಿಸಿದ್ದಳು. ಅಪರಿಚಿತ ಹೆಂಗಸೊಬ್ಬಳು ಆ ಮುದುಕನಿಗೆ ಎದುರು ಮಾತಾಡಿದಳು. ಇನ್ನೊಬ್ಬಳು ತಪ್ಪು ಲೆಕ್ಕ ಎಂದು ಜಗಳ ತೆಗೆದಳು. ಫೋನ್ ತೆರೆದಿದೆ ಎಂಬುದು ನಿಧಾನವಾಗಿ ಎಲ್ಲರಿಗೂ ಮರೆತುಹೋಯಿತು.

ಅರ್ಜುಮಂದ್ ನಗುತ್ತ ಕೇಳಿದಳು. ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದಳು, ಅಲ್ಲಿ ಆಗಲೇ ಬೇರೆಯವರು ಮಾತಾಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಫೋನ್ ಇಟ್ಟಳು. ಮಾಲೀಕರು ಬಂದು ಗೊರೇಬಾಳದವರ ಕಾರ್ಡು ಮುಗಿಯಿತೇ ಎಂದು ಕೇಳಿದರು. ಇನ್ನು ಹುಡುಗಿಯ ಕಡೆಯವರ ಹೆಸರು ಬಾಕಿ ಇದೆ ಎಂದು ಹೇಳಿ, ಅವಳು ಕಂಪ್ಯೂಟರಿನ ಕಡೆ ತಿರುಗಿ ಆ ಹೆಸರುಗಳನ್ನು ಒಂದೊಂದಾಗಿ ಟೈಪು ಮಾಡತೊಡಗಿದಳು.